ಬೀದಿಗೆ ಬಂದ ಸಂಸಾರ

ನಮ್ಮ ಭಾವ ವೆಂಡೆಲ್ ಬುದ್ಧಿವಂತ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಮುಗಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ.

ಸಸ್ಕ್ಯಾಚುವಾನ್ ಬಯಲಿನ ನಮ್ಮ ಹಾರ್ಲೋದಲ್ಲಿ ಗೋಧಿ ಗೋದಾಮಿನ ಕಂಪ್ಯೂಟರ್ ಕೆಟ್ಟರೆ ಭಾವ, ಶಾಲೆಯ ಗಂಟೆ ತಾನಾಗಿಯೇ ಬಾರಿಸಿಕೊಂಡರೆ ಭಾವ, ಪಾದ್ರಿಗಳ ಫೋನಿನಿಂದ ಪ್ರಾರ್ಥನೆಯ ನಡುವೆ ಕುಣಿತದ ಹಾಡು ಬಂದರೂ ಭಾವ. ಅಂಥವನಿಗೆ ಮಾಂಟ್ರಿಯಲ್ ನಗರದ ಒಂದು ಕಂಪನಿಯಿಂದ ಕೆಲಸದ ಕರೆ ಬಂತು. ಜನ ಕೊಂಡ ಸಾಮಾನು ಯಾವ ಗಾಡಿ ಹತ್ತಿ, ಯಾವ ದಾರಿ ಹಿಡಿದು, ಯಾರ ಮನೆ ಬಾಗಿಲು ಸೇರಬೇಕು ಎಂದು ತಪ್ಪಿಲ್ಲದೆ ಹೇಳುವ ಸಾಫ್ಟ್‌ವೇರ್ ಬರೆಯುವ ಕೆಲಸ.

"ಒಬ್ಬರ ಸಾಮಾನು ಇನ್ನೊಬ್ಬರ ಮನೆಗೆ ಹೋಗಬಾರದು, ಗಾರ್ಥ್. ಅಷ್ಟೇ ನೋಡು ನನ್ನ ಕೆಲಸ," ಎಂದು ಭಾವ ನನಗೆ ಎದೆಯುಬ್ಬಿಸಿ ಹೇಳಿದ. ಈ ಮಾತನ್ನು ನೀವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಹೊರಡಲು ಮನಸ್ಸಿಲ್ಲದವಳು ನಮ್ಮಕ್ಕ ಟ್ವೈಲಾ. ಹಾರ್ಲೋದಲ್ಲಿ ಕೂದಲು ಕತ್ತರಿಸುವವಳು ಅವಳೊಬ್ಬಳೇ. ಇಡೀ ಊರಿನ ತಲೆ ಅವಳ ಕೈಯಲ್ಲಿತ್ತು, ಎಲ್ಲ ತಲೆಗಳೊಳಗಿನ ಸುದ್ದಿಯೂ ಅವಳ ಕಿವಿಯಲ್ಲಿತ್ತು. ಅಂಥ ಸಿಂಹಾಸನ ಬಿಟ್ಟು, ಐದು ವರ್ಷದ ಬ್ರಿನ್, ಹಲ್ಲು ಬರುತ್ತಿರುವ ಓಟಿಸ್ ಇಬ್ಬರನ್ನೂ ಕಟ್ಟಿಕೊಂಡು, ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲದ ಊರಿಗೆ ಹೋಗುವುದೆಂದರೆ ಸುಮ್ಮನೆ ಮಾತೇ?

"ವೆಂಡೆಲ್, ಬರ್ತೀನಿ. ಆದ್ರೆ ಒಂದು ಷರತ್ತು," ಎಂದು ಅಕ್ಕ ಊಟದ ಮೇಜಿಗೆ ಕೈಯೂರಿ ಹೇಳಿದಳು. "ನನ್ನ ಕೆಂಪು ಸೂಟ್‌ಕೇಸ್ ಗಾರ್ಥ್‌ನ ಗಾಡೀಲೇ ಇರುತ್ತೆ. ಅದರಲ್ಲಿ ನನ್ನವೂ ಮಕ್ಕಳವೂ ಬಟ್ಟೆ ಇದೆ. ಹೋದ ದಿನ ಸಂಜೆ ಹೊತ್ತು ಮುಳುಗೋದ್ರೊಳಗೆ ಈ ಮೇಜು ನನ್ನ ಹೊಸ ಅಡುಗೆಮನೇಲಿ ನಿಂತಿರಬೇಕು. ಆ ಊರಲ್ಲಿ ನಾವೂ ಬಾಳಬಹುದು ಅಂತ ನನಗೆ ಅನ್ನಿಸಬೇಕು. ಇಲ್ದಿದ್ರೆ ನಾನು, ಮಕ್ಕಳು ಗಾರ್ಥ್ ಜೊತೆ ವಾಪಸ್. ನೀನು ಅಲ್ಲೇ ಕೂತು ಸಾಫ್ಟ್‌ವೇರ್ ಬರಿ."

"ಟ್ವೈಲಾ, ನೀನು ನೋಡ್ತಿರು! ಎಲ್ಲಾ ಏರ್ಪಾಟು ಮಾಡಿದೀನಿ!" ಎಂದ ಭಾವ.

ಮೇಜಿನ ವಿಚಾರ ಒಂದು ಮಾತು ಹೇಳಬೇಕು. ನಮ್ಮಜ್ಜ ಬರ್ಚ್ ಮರದಲ್ಲಿ ಕೈಯಾರೆ ಮಾಡಿದ ಮೇಜು ಅದು. ಅದರ ಅಂಚಿನ ತುಂಬ ಹಲ್ಲಿನ ಗುರುತು. ನಮ್ಮ ಮನೆಯಲ್ಲಿ ಹಲ್ಲು ಬರುವ ಮಕ್ಕಳಿಗೆ ಬೇರೆ ಆಟಿಕೆ ಕೊಡುವ ಪದ್ಧತಿಯೇ ಇಲ್ಲ, ಮೇಜಿನ ಹತ್ತಿರ ನಿಲ್ಲಿಸಿಬಿಡುವುದು. ಅಮ್ಮ ಕಚ್ಚಿದ್ದು, ಅಕ್ಕ ಕಚ್ಚಿದ್ದು, ಬ್ರಿನ್ ಕಚ್ಚಿದ್ದು ಎಲ್ಲವೂ ಅಲ್ಲಿವೆ. ನಾನು ಕಚ್ಚಿದ ಕಡೆ ಒಂದು ಚೂರು ಮರವೇ ಇಲ್ಲ. ಈಗ ಓಟಿಸ್ ಒಂದು ಮೂಲೆ ಹಿಡಿದು ಕೆಲಸ ಶುರು ಮಾಡಿದ್ದ.

ಇನ್ನು ಭಾವನ ಏರ್ಪಾಟು. ಸಾಗಾಣಿಕೆಗೆ ನನ್ನ ಪಿಕಪ್ ಗಾಡಿ, ಅದರ ಹಿಂದೆ ನನ್ನ ದನದ ಟ್ರೇಲರ್. ಅದನ್ನು ನಾನು ಮೂರು ಸಲ ತೊಳೆದಿದ್ದೆ. ಆದರೂ ನಮ್ಮ ಪ್ಯಾನ್ಸಿ ಎಂಬ ಹಸು ಎಂಟು ವರ್ಷ ಓಡಾಡಿದ ಟ್ರೇಲರ್ ಅದು, ಮೂರು ತೊಳೆತಕ್ಕೆ ಮಣಿಯುವುದಲ್ಲ. ಉಳಿದದ್ದೆಲ್ಲ ಭಾವನ ಫೋನಿನಲ್ಲಿತ್ತು. ಸೋಫಾ, ಮಂಚ, ಪಾತ್ರೆಪಡಗ, ಒಂದೊಂದಕ್ಕೂ ಬಣ್ಣದ ಚೀಟಿ ಅಂಟಿಸಿ ತನ್ನ ಪ್ರೋಗ್ರಾಮಿಗೆ ಹತ್ತಿಸಿದ್ದ. ಒಂದು ಸಾಮಾನು ಮನೆ ಸೇರಿದ ಕೂಡಲೇ ಫೋನಿನಲ್ಲಿ ಗುಂಡಿ ಒತ್ತಿದರೆ 'ಟಿಣ್' ಎಂದು ಗಂಟೆ ಬಾರಿಸಿ 'ತಲುಪಿತು' ಎಂದು ಬರುತ್ತಿತ್ತು. ದಾರಿಯುದ್ದಕ್ಕೂ ಅದನ್ನು ಒತ್ತಿ ಒತ್ತಿ ತೋರಿಸಿ ನಮ್ಮ ತಲೆ ತಿಂದ. ಕೆಂಪು ಸೂಟ್‌ಕೇಸಿಗೂ ಚೀಟಿ ಅಂಟಿಸಲು ಹೋದಾಗ ಅಕ್ಕ ಅವನ ಕೈಗೊಂದು ಏಟು ಹಾಕಿದಳು.

ಎಲ್ಲ ಯೋಚಿಸಿದ ಭಾವ ತಾರೀಖು ಒಂದನ್ನು ಯೋಚಿಸಿರಲಿಲ್ಲ. ನಾವು ಹೋಗಿ ಇಳಿದದ್ದು ಜುಲೈ ಒಂದು.

ನಮ್ಮ ಹಾರ್ಲೋದಲ್ಲಿ ಜುಲೈ ಒಂದು ಅಂದರೆ ದೇಶದ ಹಬ್ಬ. ಬೆಳಿಗ್ಗೆ ಊರಿಗೆಲ್ಲ ಪ್ಯಾನ್‌ಕೇಕ್, ಮಧ್ಯಾಹ್ನ ಟ್ರ್ಯಾಕ್ಟರ್ ಮೆರವಣಿಗೆ, ಸಂಜೆ ಪಟಾಕಿ. ಮಾಂಟ್ರಿಯಲ್‌ನಲ್ಲಿ ಜುಲೈ ಒಂದು ಅಂದರೆ ಮನೆ ಬದಲಿಸುವ ದಿನ. ಅಲ್ಲಿ ಬಾಡಿಗೆ ಕರಾರುಗಳೆಲ್ಲ ಹಿಂದಿನ ದಿನ ಮುಗಿದು, ಊರಿಗೆ ಊರೇ ಗಂಟುಮೂಟೆ ಹೊತ್ತು ಬೀದಿಗಿಳಿಯುತ್ತದೆ. ಇವನ ಮನೆಗೆ ಅವನು, ಅವನ ಮನೆಗೆ ಮತ್ತೊಬ್ಬ. ಒಯ್ಯಲಾರದ್ದನ್ನು, ಬೇಡವಾದ್ದನ್ನು ಪಾದಚಾರಿ ದಾರಿಯ ಮೇಲೆ ಇಟ್ಟು ಹೋಗುತ್ತಾರೆ, ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಇದು ಅಲ್ಲಿನ ಹಸುಗೂಸಿಗೂ ಗೊತ್ತು, ನಮ್ಮ ಬುದ್ಧಿವಂತ ಭಾವನಿಗೆ ಗೊತ್ತಿರಲಿಲ್ಲ.

ಸೇಂಟ್ ಒದಿಲ್ ಬೀದಿಗೆ ನಮ್ಮ ಗಾಡಿ ತಿರುಗಿದ್ದೇ ತಡ, ಭಾವ ಕಿಟಕಿಯಿಂದ ಅರ್ಧ ಹೊರಗೆ ಬಂದ. ರಸ್ತೆ ತುಂಬ ಜನ. ಒಬ್ಬ ಫ್ರಿಜ್ ಹೊತ್ತಿದ್ದಾನೆ, ಒಬ್ಬಳು ತಲೆಯ ಮೇಲೆ ಹಾಸಿಗೆ ಇಟ್ಟುಕೊಂಡಿದ್ದಾಳೆ, ಮೂರನೇ ಮಹಡಿಯಿಂದ ಒಂದು ಪಿಯಾನೋ ಹಗ್ಗದಲ್ಲಿ ತೂಗಾಡುತ್ತಿದೆ.

"ನೋಡ್ರೋ ನೋಡ್ರೋ! ಮೆರವಣಿಗೆ! ಎಂಥಾ ದೇಶಪ್ರೇಮ! ಫ್ರಿಜ್ ಹೊತ್ಕೊಂಡು ಹಬ್ಬ ಮಾಡ್ತಾರೆ!" ಎಂದು ಭಾವ ಕೂಗಿದ. ಹಿಂದಿನ ಸೀಟಿನಿಂದ ಬ್ರಿನ್ ಕೂಡ "ಪ್ಯಾನ್‌ಕೇಕ್ ಎಲ್ಲಿ?" ಎಂದು ಕುಣಿದಳು. ಇಬ್ಬರ ಉತ್ಸಾಹ ನೋಡಿ ಅಕ್ಕನ ಮುಖದಲ್ಲೂ ಒಂಚೂರು ನಗು ಬಂತು.

ನಮ್ಮ ಟ್ರೇಲರ್ ಬೀದಿಗೆ ಅಡ್ಡವಾಗಿ ನಿಂತಿತು. ಹಿಂದೆ ಹತ್ತಾರು ಗಾಡಿಗಳ ಹಾರನ್. ಒಬ್ಬ ಮೀಸೆಯ ಪೊಲೀಸ್ ಓಡಿ ಬಂದ. ಆ ಊರಿನವರ ಮಾತು ಫ್ರೆಂಚ್, ಆದರೆ ನಮ್ಮ ಮುಖ ನೋಡಿದ ಕೂಡಲೇ ನಮ್ಮ ಭಾಷೆಗೆ ತಿರುಗಿಕೊಳ್ಳುತ್ತಾರೆ.

"ಏನ್ರೀ ಇದು, ದನ ತಂದಿದೀರಾ?"

"ಇಲ್ಲ ಸಾರ್, ಸಂಸಾರ ತಂದಿದೀವಿ," ಎಂದೆ.

"ಯಾವುದಾದ್ರೂ ಆಗ್ಲಿ, ಇಳಿಸಿ ಗಾಡಿ ತೆಗೀರಿ! ಈಗಲೇ!"

ಸಾಮಾನನ್ನೆಲ್ಲ ಗಡಿಬಿಡಿಯಲ್ಲಿ ಪಾದಚಾರಿ ದಾರಿಗೆ ಇಳಿಸಿದೆವು. ಮನೆ ಮೂರನೇ ಮಹಡಿಯಲ್ಲಿ. ಹೊರಗಿನಿಂದಲೇ ಒಂದು ಕಬ್ಬಿಣದ ಸುರುಳಿ ಮೆಟ್ಟಿಲು, ಹಿಂದಿನ ಓಣಿಯಲ್ಲಿ ಇನ್ನೊಂದು. ಮೇಲಿಂದ ಹಳೆಯ ಬಾಡಿಗೆದಾರ ಗ್ಯಾಸ್ಪಾರ್ ಇಣುಕಿ, "ಇನ್ನೂ ಖಾಲಿ ಆಗಿಲ್ಲ ಕಣ್ರೀ! ನಾನು ಹೋಗೋ ಮನೆಯವನು ಖಾಲಿ ಮಾಡಿಲ್ಲ. ಅವನು ಹೋಗೋ ಮನೆಯವನು ಇನ್ನೂ ಎದ್ದೇ ಇಲ್ವಂತೆ!" ಎಂದ. ಎಲ್ಲೋ ಒಬ್ಬ ಸೋಮಾರಿ ಮಲಗಿದ್ದಕ್ಕೆ ಮೂರು ಸಂಸಾರ ಕಾದು ನಿಂತಿತ್ತು.

"ನೀವು ಹೋಗ್ಬನ್ನಿ, ನಾನು ಕಾಯ್ತೀನಿ," ಎಂದು ಭಾವ ಧೈರ್ಯ ಹೇಳಿದ. ಅಕ್ಕ ಮಕ್ಕಳನ್ನು ಕರೆದುಕೊಂಡು ನೆರಳಿಗೆಂದು ಮೂಲೆಯ ಪಾರ್ಕಿಗೆ ಹೋದಳು. ನಾನು ಟ್ರೇಲರ್ ನಿಲ್ಲಿಸಲು ಜಾಗ ಹುಡುಕುತ್ತ ಹೊರಟೆ. ಜುಲೈ ಒಂದರಂದು ಆ ಊರಿನಲ್ಲಿ ದನದ ಟ್ರೇಲರಿಗೆ ಜಾಗ ಹುಡುಕುವ ಬದಲು ಪ್ಯಾನ್ಸಿಗೆ ಗಂಡು ಹುಡುಕುವುದು ಸುಲಭ. ಸೇತುವೆ ದಾಟಿ, ಮತ್ತೊಂದು ಸೇತುವೆ ದಾಟಿ, ಒಂದು ಚರ್ಚಿನ ಹಿತ್ತಲಿನಲ್ಲಿ ನಿಲ್ಲಿಸಿದೆ. ಪಿಕಪ್ಪಿನ ಕಿಟಕಿ ಮುಚ್ಚುವುದಿಲ್ಲ, ಹಾಗಾಗಿ ಕೆಂಪು ಸೂಟ್‌ಕೇಸನ್ನು ಕೈಯಲ್ಲೇ ಹಿಡಿದು ಬಸ್ಸು ಹತ್ತಿದೆ.

ನಾನಿಲ್ಲದಾಗ ನಡೆದದ್ದನ್ನು ಆಮೇಲೆ ಬೀದಿಯ ಜನ ಒಬ್ಬೊಬ್ಬರು ಒಂದೊಂದು ತರಹ ಹೇಳಿದರು. ಎಲ್ಲರೂ ಒಪ್ಪಿದ್ದು ಒಂದೇ ವಿಷಯ: ಭಾವನ ಮುಖದಲ್ಲಿ ದೇವದೂತರ ನಗು ಇತ್ತಂತೆ.

ಮೊದಲು ಬಂದದ್ದು ಒಂದು ಎಳೆ ಜೋಡಿ. ಸೋಫಾವನ್ನು ಸುತ್ತು ಹಾಕಿ ನೋಡಿ, ಹುಡುಗ ಕೇಳಿದ: "ಇದನ್ನ ತಗೊಂಡು ಹೋಗ್ಲಾ?"

ಹಾರ್ಲೋದಲ್ಲಿ ಯಾರದ್ದಾದರೂ ಸಾಮಾನು ಹೊರಗೆ ಬಂತೆಂದರೆ ಊರಿನವರೆಲ್ಲ ತೋಳೇರಿಸಿ ಬಂದು ಹೊತ್ತು ಒಳಗಿಡುತ್ತಾರೆ. ಕೇಳುವುದೂ ಇಲ್ಲ. ಇಲ್ಲಿ ಕೇಳಿದರಲ್ಲ ಎಂದು ಭಾವನಿಗೆ ಕಣ್ಣು ತುಂಬಿ ಬಂತು.

"ತಗೊಂಡು ಹೋಗಿ ಸ್ವಾಮಿ! ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ! ಎಡಗಡೆ ಕಾಲು ಸ್ವಲ್ಪ ಅಲ್ಲಾಡುತ್ತೆ, ಹುಷಾರು!"

ಹುಡುಗ ಹುಡುಗಿ ಮುಖ ಮುಖ ನೋಡಿಕೊಂಡು ಸೋಫಾ ಎತ್ತಿದರು. ಮುಂದಿನ ಮೆಟ್ಟಿಲ ಮೇಲೆ ಗ್ಯಾಸ್ಪಾರ್‌ನ ಡಬ್ಬಗಳಿದ್ದವು, ಅದಕ್ಕೇ ಮೂಲೆ ತಿರುಗಿ ಓಣಿಯ ಮೆಟ್ಟಿಲಿಗೆ ಹೋಗುತ್ತಿದ್ದಾರೆ ಎಂದು ಭಾವ ತೀರ್ಮಾನಿಸಿದ. ಅವರು ಮರೆಯಾಗುತ್ತಲೇ ಗುಂಡಿ ಒತ್ತಿದ. ಟಿಣ್! ಸೋಫಾ ತಲುಪಿತು.

ಆಮೇಲೆ ಸಾಲು ಹಿಡಿದು ಬಂದರು. ಒಬ್ಬ ಮುದುಕ ಬಂದು ಅಪ್ಪನ ಕಾಲದ ಆರಾಮ ಕುರ್ಚಿ ಕೇಳಿದ. "ಅಯ್ಯೋ ತಾತ, ನಿಮಗ್ಯಾಕೆ ಶ್ರಮ!" ಎಂದು ಭಾವ ತಾನೇ ಅರ್ಧ ದೂರ ಹೊತ್ತುಕೊಟ್ಟ. ಟಿಣ್! ಮಂಚ ಹೋಯಿತು, ದೀಪ ಹೋಯಿತು, ಪಾತ್ರೆಯ ಡಬ್ಬ ಹೋಯಿತು. ಟಿಣ್, ಟಿಣ್, ಟಿಣ್! ಕೆಲಸ ಮಾಡಿದವರ ಹೊಟ್ಟೆ ನೋಡಿಕೊಳ್ಳಬೇಡವೇ? ಸಾಮಾನು ಹೊತ್ತವರಿಗೆ ಪಿಜ್ಜಾ, ಬಿಯರ್ ಕೊಡುವುದು ಎಲ್ಲ ಊರಿನ ಮರ್ಯಾದೆ. ಭಾವ ಮೂಲೆಯ ಅಂಗಡಿಯಿಂದ ರಾಶಿ ಪಿಜ್ಜಾ ತರಿಸಿ, ತನ್ನ ಸಂಸಾರ ಹೊತ್ತೊಯ್ಯುವವರಿಗೆಲ್ಲ ಬಾಯಾರೆ ಉಪಚಾರ ಹೇಳಿ ಹಂಚಿದ.

ಇದು ಮಾತ್ರ ಬೀದಿಯವರು ಕಂಡು ಕೇಳದ ಸಂಗತಿ. ಸಾಮಾನು ಬಿಟ್ಟುಕೊಡುವವರನ್ನು ನೋಡಿದ್ದರು, ಕೊಟ್ಟು ಊಟಕ್ಕೂ ಹಾಕುವವನನ್ನು ನೋಡಿರಲಿಲ್ಲ. "ಲಾಟರಿ ಹೊಡೆದಿರಬೇಕು," ಎಂದರು ಕೆಲವರು. "ಅಲ್ಲ, ಸನ್ಯಾಸಿ ಆಗ್ತಿದಾನೆ, ಮುಖ ನೋಡಿ ಗೊತ್ತಾಗಲ್ವಾ?" ಎಂದರು ಕೆಲವರು. ನಿಜ ತಿಳಿಯಲೆಂದು ಬಂದವರು ಬೀದಿಯ ಹಿರಿಯಕ್ಕ, ಮದಾಮ್ ಪೆಲ್ತಿಯೇ ಎಂಬವರು. ಎಪ್ಪತ್ತು ದಾಟಿದ ಹೆಂಗಸು, ಹಿಂದೆ ಬೆಟ್ಟದಂಥ ನಾಲ್ವರು ಗಂಡುಮಕ್ಕಳು.

"ಮಗಾ, ನಿನ್ನ ಹೆಂಡ್ತಿ ಎಲ್ಲಿ?"

"ಮಕ್ಕಳನ್ನ ಕರ್ಕೊಂಡು ಹೊರಟು ಹೋದ್ಲು ಮದಾಮ್."

"ಅಯ್ಯೋ ದೇವರೇ! ವಾಪಸ್ ಬರ್ತಾಳಾ?"

"ಸಂಜೆ ಹೇಳ್ತೀನಿ ಅಂದಿದಾಳೆ. ಅವಳ ಬಟ್ಟೆ ಎಲ್ಲ ತಮ್ಮನ ಗಾಡೀಲೇ ಇದೆ." ಭಾವ ಸುಳ್ಳು ಹೇಳುವವನೇ ಅಲ್ಲ.

"ತಮ್ಮನ ಕುಮ್ಮಕ್ಕು ಬೇರೆ! ಅದಕ್ಕೆ ನೀನು ಸಾಮಾನೆಲ್ಲ..."

"ಹೋಗ್ಲಿ ಬಿಡಿ ಮದಾಮ್. ಎಷ್ಟು ಬೇಗ ಹೋದ್ರೆ ಅಷ್ಟು ಹಗುರ," ಎಂದು ಭಾವ ನಕ್ಕ.

ಮದಾಮ್ ಕಣ್ಣೊರೆಸಿಕೊಂಡರು. ಅವನ ಕೆನ್ನೆ ಸವರಿದರು. ದುಃಖದ ಮನೆಯಲ್ಲಿ ಕೇಳಬಾರದು, ಆದರೂ ಮೇಜು ಚೆನ್ನಾಗಿತ್ತು. "ಇದು... ಇದನ್ನೂನಾ?"

"ಇದೇ ಮುಖ್ಯ! ಇದನ್ನ ಮೊದಲು ತಗೊಂಡು ಹೋಗಬೇಕಿತ್ತು! ಸಂಜೆ ಊಟ ಇದರ ಮೇಲೇ ಆಗ್ಬೇಕು!"

"ಆಗತ್ತಪ್ಪ, ಆಗತ್ತೆ. ನಿನ್ನ ಹೆಸರು ಹೇಳ್ಕೊಂಡೇ ಊಟ ಮಾಡ್ತೀವಿ," ಎಂದರು ಮದಾಮ್. ಹೊರಡುವಾಗ ಒಂದು ಅಡುಗೆಮನೆ ಕುರ್ಚಿಯನ್ನು ತೋರಿಸಿ, "ಇದೊಂದನ್ನ ಯಾರಿಗೂ ಕೊಡಬೇಡ ಮಗಾ. ಮನುಷ್ಯನಿಗೆ ಕೂರೋಕ್ಕೆ ಒಂದಾದ್ರೂ ಬೇಕು," ಎಂದರು. ಭಾವ ಮೇಜಿಗೆ ಹುಲ್ಲಿನ ಹೊರೆ ಬಿಗಿಯುವ ಹಾರ್ಲೋ ಗಂಟು ಹಾಕಿಕೊಟ್ಟು, ಗುಂಡಿ ಒತ್ತಿದ. ಟಿಣ್!

ನಾನು ಸೂಟ್‌ಕೇಸ್ ಹೊತ್ತು ಬರುವ ಹೊತ್ತಿಗೆ ಅಕ್ಕನೂ ಪಾರ್ಕಿನಿಂದ ಬಂದಳು. ಪಾದಚಾರಿ ದಾರಿ ಗುಡಿಸಿದ ಹಾಗಿತ್ತು. ನಡುವೆ ಒಂದೇ ಒಂದು ಕುರ್ಚಿ. ಅದರ ಮೇಲೆ ಭಾವ, ಕೈಯಲ್ಲಿ ಪಿಜ್ಜಾ ತುಂಡು.

"ಆಯ್ತು!" ಎಂದು ಕೂಗಿದ. "ಒಂದು ಕಡ್ಡಿ ಬಿಡದೆ ಎಲ್ಲಾ ಮೇಲೆ ಹೋಯ್ತು! ಬೆರಳು ಕೂಡ ನೋಯ್ಲಿಲ್ಲ ಟ್ವೈಲಾ! ದೊಡ್ಡ ಊರಿನ ಜನಕ್ಕೆ ಹೃದಯ ಇಲ್ಲ ಅಂತೀಯಲ್ಲ, ನೋಡು ಬಾ, ನೋಡು!"

ಅಕ್ಕನ ಮುಖ ಅರಳಿತು. ಎಷ್ಟೋ ವಾರದ ಮೇಲೆ ಅವಳು ಹಾಗೆ ನಕ್ಕದ್ದನ್ನು ಕಂಡು ನನಗೂ ಖುಷಿಯಾಯಿತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆವು. ಒಳಗೆ ಗ್ಯಾಸ್ಪಾರ್ ತನ್ನ ಡಬ್ಬಗಳ ನಡುವೆ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ನಮ್ಮ ಸಾಮಾನು ಯಾವ ರೂಮಲ್ಲಿಟ್ರು?" ಎಂದು ಕೇಳಿದಳು ಅಕ್ಕ.

"ಯಾವ ಸಾಮಾನು?"

"ಹಿಂದಿನ ಮೆಟ್ಟಿಲಿಂದ ತಂದ್ರಲ್ಲ!" ಎಂದ ಭಾವ.

"ಹಿಂದಿನ ಮೆಟ್ಟಿಲು ಮುರಿದು ಒಂದು ವರ್ಷ ಆಯ್ತು," ಎಂದ ಗ್ಯಾಸ್ಪಾರ್. ಆಮೇಲೆ ಕೆಳಗಿನ ಖಾಲಿ ಪಾದಚಾರಿ ದಾರಿ ನೋಡಿ, ಭಾವನ ಮುಖ ನೋಡಿ, ಬೆಕ್ಕನ್ನು ಕೆಳಗಿಳಿಸಿ, ಇವತ್ತಿನ ದಿನ ಏನು, ಬೀದಿ ಬದಿ ಇಟ್ಟ ಸಾಮಾನಿನ ಗತಿ ಏನು ಎಂಬುದನ್ನು ನಿಧಾನವಾಗಿ ತಿಳಿಹೇಳಿದ. ಹೇಳುತ್ತ ಹೇಳುತ್ತ ಅವನಿಗೆ ನಗು ತಡೆಯಲಾಗಲಿಲ್ಲ. ಕೆಟ್ಟು ಪಟ್ಟಣ ಸೇರು ಅನ್ನುತ್ತಾರೆ. ನಮ್ಮ ಭಾವ ಪಟ್ಟಣ ಸೇರಿ ಕೆಟ್ಟ.

ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಕೆಳಗಿಳಿದು ಬಂದು, ಪಾದಚಾರಿ ದಾರಿಯ ನಡುವೆ ಕೆಂಪು ಸೂಟ್‌ಕೇಸನ್ನು ಅಡ್ಡ ಮಲಗಿಸಿ, ಓಟಿಸ್‌ನನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಕೂತಳು.

"ಗಾರ್ಥ್, ಗಾಡಿಗೆ ಡೀಸೆಲ್ ಇದೆಯಾ?"

"ಇದೆ ಅಕ್ಕ."

"ಸರಿ. ಆ ಚರ್ಚಿನ ಗೋಪುರದ ಹಿಂದೆ ಹೊತ್ತು ಮುಳುಗೋವರೆಗೂ ಇಲ್ಲೇ ಕೂತಿರ್ತೀನಿ. ಅಷ್ಟರೊಳಗೆ ಮೇಜು ಬಂದ್ರೆ ಬಂತು."

ಭಾವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಭಾವ, ನಿನಗೆ ತಲೆ ಇದೆಯೋ, ಅದನ್ನೂ ಯಾರಿಗಾದ್ರೂ ಕೊಟ್ಟೆಯೋ?" ಎಂದು ಅವನ ತೋಳು ಹಿಡಿದೆಳೆದೆ. ಯಾವ ಮನೆ ಎಂದು ಹುಡುಕುವುದು? ಬೀದಿಯಲ್ಲಿ ನೂರಾರು ಬಾಗಿಲು. ಆಗ ಗಾಳಿ ಬೀಸಿತು. ನಾನು ದನ ಸಾಕುವವನು, ನನ್ನ ಮೂಗು ಸುಳ್ಳು ಹೇಳುವುದಿಲ್ಲ.

"ಪ್ಯಾನ್ಸಿ!" ಎಂದೆ. ಟ್ರೇಲರಿನ ವಾಸನೆ ನಮ್ಮ ಒಂದೊಂದು ಸಾಮಾನಿಗೂ ಅಂಟಿತ್ತು.

ಅಲ್ಲಿಂದ ಶುರುವಾಯಿತು ನೋಡಿ, ನಾನು ಮುಂದೆ ಮೂಗೇರಿಸಿಕೊಂಡು, ಭಾವ ಹಿಂದೆ ಟೋಪಿ ಕೈಯಲ್ಲಿ ಹಿಡಿದುಕೊಂಡು. ಪ್ಯಾನ್ಸಿಯ ಪರಿಮಳ ಮೊದಲ ಬಾಗಿಲಲ್ಲೇ ಸಿಕ್ಕಿತು. ಆರಾಮ ಕುರ್ಚಿಯಲ್ಲಿ ಮುದುಕಪ್ಪ ಗೊರಕೆ ಹೊಡೆಯುತ್ತಿದ್ದ. ಸೊಸೆ ಬಾಯಿಗೆ ಬೆರಳಿಟ್ಟು, "ಎಬ್ಬಿಸಬೇಡಿ! ಆರು ವರ್ಷದಿಂದ ಅವರಿಗೆ ನಿದ್ದೆ ಇರಲಿಲ್ಲ. ಇದರಲ್ಲಿ ಏನೋ ಹಳ್ಳಿ ವಾಸನೆ ಇದೆ, ಕೂತ ತಕ್ಷಣ ಮಲಗಿದ್ರು!" ಎಂದಳು. ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಬಂದೆವು. ಎರಡನೇ ಮನೆಯಲ್ಲಿ ಒಬ್ಬಾಕೆ ಭಾವನ ಚೌಕಳಿ ಅಂಗಿ ಹಾಕಿಕೊಂಡೇ ಬಾಗಿಲು ತೆಗೆದಳು. ಅಂಗಿ ಕೇಳುವುದಾದರೂ ಹೇಗೆ?

ಮೂರನೆಯದು ಎಳೆ ಜೋಡಿಯ ಮನೆ. ಸೋಫಾ ಕಂಡದ್ದೇ ಭಾವನಿಗೆ ಆವೇಶ ಬಂತು. ಒಂದು ತುದಿ ಹಿಡಿದು ಎಳೆದ. ಹುಡುಗ ಇನ್ನೊಂದು ತುದಿ ಹಿಡಿದ.

"ನೀವೇ ಕೊಟ್ರಿ! ದೇವರು ಚೆನ್ನಾಗಿಟ್ಟಿರ್ಲಿ ಅಂದ್ರಿ! ಗಂಟೆ ಬೇರೆ ಬಾರಿಸಿದ್ರಿ!"

"ನಾನು ಮೇಲೆ ತಗೊಂಡು ಹೋಗಿ ಅಂದದ್ದು!"

"ಮೇಲೇ ತಂದಿದೀವಲ್ಲ, ಇದು ಎರಡನೇ ಮಹಡಿ!"

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಸೋಫಾ ಬಾಗಿಲಿಗೆ ಸಿಕ್ಕಿ ನಿಂತಿತು. ಯಾರೋ ಕೂಗಿದರು, ಬೆಳಗಿನ ಅದೇ ಮೀಸೆಯ ಪೊಲೀಸ್ ಓಡಿ ಬಂದ.

"ಓಹೋ, ದನದ ಗಾಡಿಯವರು! ಬೆಳಿಗ್ಗೆ ಸಂಸಾರ ತಂದಿದೀವಿ ಅಂದ್ರಿ, ಈಗ ಬೇರೆಯವರ ಸಂಸಾರ ಎಳೀತಿದೀರಾ?"

ಭಾವ ನಡೆದದ್ದೆಲ್ಲ ಹೇಳಿದ. ಪೊಲೀಸ್ ಮೀಸೆ ತಿರುವಿ, "ಜುಲೈ ಒಂದರಂದು ಬೀದಿಲಿಟ್ಟದ್ದು ಬೀದಿಯದು. ಇದು ನಮ್ಮಜ್ಜನ ಕಾಲದ ನ್ಯಾಯ," ಎಂದು ಗಂಭೀರವಾಗಿ ತೀರ್ಪು ಕೊಟ್ಟ. ಆಗ ಕೆಳಗೆ ನಿಂತಿದ್ದ ಅವನ ಕಾರಿನಿಂದ ನನಗೆ ಪ್ಯಾನ್ಸಿಯ ವಾಸನೆ ಬಂತು. ಇಣುಕಿ ನೋಡಿದೆ. ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಸಿಕೊಂಡು, ಅಕ್ಕನ ಫ್ಯಾನು ಕೂತಿತ್ತು.

ಪೊಲೀಸ್ ಕೆಮ್ಮಿದ. "ಕಾರಲ್ಲಿ ಸೆಕೆ ಇತ್ತು," ಎಂದ. ಆಮೇಲೆ ದನಿ ತಗ್ಗಿಸಿ, "ಅಂದ್ರೆ ಆ ಸನ್ಯಾಸಿ ನೀವೇನಾ?" ಎಂದು ಕೇಳಿದ.

"ನನಗೆ ಏನೂ ಬೇಡ ಸಾರ್," ಎಂದು ಭಾವ ಅಳು ಬಂದವನ ಹಾಗೆ ಹೇಳಿದ. "ಸೋಫಾ ಇಟ್ಕೊಳ್ಳಿ. ಮಂಚ, ಫ್ಯಾನು, ಅಂಗಿ ಎಲ್ಲಾ ಇಟ್ಕೊಳ್ಳಿ. ಮೇಜೊಂದು ಕೊಡಿಸಿ. ಅದು ಬರದಿದ್ರೆ ನನ್ನ ಹೆಂಡ್ತಿ ಮಕ್ಕಳು ಹೊರಟೋಗ್ತಾರೆ." ಅಷ್ಟು ಹೊತ್ತೂ ಅವನನ್ನು ಬೈಯುತ್ತಿದ್ದ ನಾನು ಆ ಮಾತು ಕೇಳಿ ಅವನ ಹೆಗಲಿಗೆ ಕೈ ಹಾಕಿದೆ.

ಪೊಲೀಸ್ ಟೋಪಿ ಸರಿಮಾಡಿಕೊಂಡು ಮುಂದೆ ನಡೆದ. ನನ್ನ ಮೂಗು ಅವನಿಗೆ ದಾರಿ ತೋರಿಸಿತು. ಬೀದಿಯ ಕೊನೆಯ ಮನೆ, ಮದಾಮ್ ಪೆಲ್ತಿಯೇ ಅವರದು. ನಮ್ಮ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಬೆಟ್ಟದಂಥ ನಾಲ್ವರು ಮಕ್ಕಳು, ಸೊಸೆಯರು ಸುತ್ತ ಕೂತಿದ್ದರು. ನಡುವೆ ಮಾಂಸದ ಕಡುಬು ಹೊಗೆಯಾಡುತ್ತಿತ್ತು. ನಾವು ಒಳಗೆ ಕಾಲಿಟ್ಟಾಗ ಅವರು ನಿಜವಾಗಿಯೂ ಭಾವನ ಹೆಸರಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರು.

"ಇದು ಇವರ ಹೆಂಡ್ತಿಯ ತವರಿನ ಮೇಜಂತೆ. ತಪ್ಪಿ ಬಂದಿದೆಯಂತೆ," ಎಂದ ಪೊಲೀಸ್.

"ತಪ್ಪಿ ಬಂತಾ? ಇದೇ ಮುಖ್ಯ, ಮೊದಲು ತಗೊಂಡು ಹೋಗಿ ಅಂದವನೇ ಇವನು," ಎಂದಳು ದೊಡ್ಡ ಸೊಸೆ. "ಅಲ್ದೆ ಇವರದ್ದೇ ಅನ್ನೋಕ್ಕೆ ಸಾಕ್ಷಿ ಏನು?"

"ಸಾಕ್ಷಿ ಇದೆ. ಕೆಳಗೆ ಕೂತಿದೆ. ಹದಿನಾಲ್ಕು ತಿಂಗಳು ವಯಸ್ಸು," ಎಂದೆ.

ಓಡಿ ಹೋಗಿ ಅಕ್ಕನಿಗೆ ಹೇಳಿದೆ. "ಮೇಜು ಸಿಕ್ಕಿದೆ, ಸಾಕ್ಷಿಗೆ ಓಟಿಸ್ ಬೇಕು," ಎಂದದ್ದಕ್ಕೆ ಅವಳು ನನ್ನನ್ನು ದುರುಗುಟ್ಟಿ ನೋಡಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಸೂಟ್‌ಕೇಸಿನ ಮೇಲೆ ಬ್ರಿನ್‌ಳನ್ನು ಕೂರಿಸಿ, ಗ್ಯಾಸ್ಪಾರ್‌ನನ್ನು ಕಾವಲಿಟ್ಟೆ.

ಮೇಜಿನ ಬಟ್ಟೆ ಸರಿಸಿದರು. ಓಟಿಸ್‌ನನ್ನು ಕೆಳಗಿಳಿಸಿದ್ದೇ ತಡ, ಅವನು ಹತ್ತು ಜನರ ಮುಖವನ್ನಾಗಲಿ, ಕಡುಬನ್ನಾಗಲಿ ನೋಡಲಿಲ್ಲ. ತೂರಾಡುತ್ತ ನೇರವಾಗಿ ತನ್ನ ಮೂಲೆಗೆ ಹೋಗಿ, ಬಾಯಿ ತೆಗೆದು, ಕಚ್ಚಿದ. ಪೊಲೀಸ್ ಮೊಣಕಾಲೂರಿ, ಟಾರ್ಚ್ ಬಿಟ್ಟು, ಹಲ್ಲಿನ ಗುರುತನ್ನೂ ಓಟಿಸ್‌ನ ಬಾಯನ್ನೂ ಸರದಿಯಲ್ಲಿ ಪರೀಕ್ಷಿಸಿದ.

"ಹೊಂದತ್ತೆ," ಎಂದು ಎದ್ದು ನಿಂತ. ಮತ್ತೆ ಅಂಚು ಸವರಿ, "ಇಲ್ಲಿ ಮಾತ್ರ ಯಾವುದೋ ಪ್ರಾಣಿ ಕಚ್ಚಿದೆ," ಎಂದ.

"ಅದು ನಾನು," ಎಂದೆ.

ಆದರೆ ಮದಾಮ್ ಮೇಜನ್ನೂ ನೋಡುತ್ತಿರಲಿಲ್ಲ, ಪೊಲೀಸನನ್ನೂ ನೋಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಅಕ್ಕನನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಸೌಟು ಬಿಸಾಡಿ ಓಡಿಬಂದು ಅವಳನ್ನು ತಬ್ಬಿಕೊಂಡರು.

"ವಾಪಸ್ ಬಂದ್ಯಾ ತಾಯೀ! ಮನಸ್ಸು ಬದಲಾಯಿಸಿ ಬಂದ್ಯಾ! ಹುಚ್ಚುಮುಂಡೇದು, ನೀನು ಹೋದ್ಮೇಲೆ ನಿನ್ನ ಗಂಡ ಸಂಸಾರ ಎಲ್ಲ ಬೀದಿಗೆ ದಾನ ಮಾಡಿ ಒಂದು ಕುರ್ಚಿ ಮೇಲೆ ಕೂತಿದ್ದ ಕಣೇ!"

"ನಾನು ಎಲ್ಲಿಗೆ ಹೋಗಿದ್ದೆ?" ಎಂದಳು ಅಕ್ಕ ಕಕ್ಕಾಬಿಕ್ಕಿಯಾಗಿ.

ಮದಾಮ್ ಕೇಳಿಸಿಕೊಂಡರೆ ತಾನೆ? ಆಗಲೇ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. "ಹೆಂಡ್ತಿ ವಾಪಸ್ ಬಂದ್ಲು! ಪಿಜ್ಜಾ ಹುಡುಗನ ಹೆಂಡ್ತಿ ವಾಪಸ್ ಬಂದ್ಲು! ಏ, ಎಲ್ಲರೂ ಅವನ ಸಾಮಾನು ಕೊಟ್ಬಿಡ್ರೋ! ಅವನ ಪಿಜ್ಜಾ ತಿಂದಿದೀರಲ್ಲ, ನಾಚಿಕೆ ಇಟ್ಕೊಳ್ರೋ!"

ಆ ಕೂಗು ಬೀದಿಯ ಈ ತುದಿಯಿಂದ ಆ ತುದಿಗೆ ಕಿಟಕಿಯಿಂದ ಕಿಟಕಿಗೆ ಹಾರಿತು. ಒಂದು ಬಾಲ್ಕನಿಯಲ್ಲಿ ಚಪ್ಪಾಳೆ ಶುರುವಾಯಿತು, ಮತ್ತೊಂದರಲ್ಲಿ ಯಾರೋ ತಟ್ಟೆ ಬಡಿದರು. ಕಾನೂನು ಮಾಡಲಾಗದ್ದನ್ನು ಮದಾಮ್ ಅವರ ಗಂಟಲು ಮಾಡಿತು. ಎಳೆ ಜೋಡಿ ಸೋಫಾ ಹೊತ್ತು ಬಂದಿತು. ಚೌಕಳಿ ಅಂಗಿಯಾಕೆ ಬಟ್ಟೆಯ ಡಬ್ಬ ತಂದಳು. ಅಂಗಿ ಮಾತ್ರ ಮೈಮೇಲೇ ಇತ್ತು, ಅವಳಿಗೇ ಚೆನ್ನಾಗಿಯೂ ಇತ್ತು. ಆರಾಮ ಕುರ್ಚಿಯನ್ನು ಮುದುಕಪ್ಪನ ಸಮೇತ ಎತ್ತಿಕೊಂಡು ಬಂದರು, ಅವನಿಗೆ ಎಚ್ಚರವೇ ಆಗಲಿಲ್ಲ. ನಮ್ಮದಲ್ಲದ ಒಂದು ಕನ್ನಡಿ, ಎರಡು ಹೂಕುಂಡ, ಒಂದು ಹಾಕಿ ಕೋಲು ಕೂಡ ಆ ಹುರುಪಿನಲ್ಲಿ ಬಂದು ಸೇರಿದವು. ಎಲ್ಲೋ ಮಲಗಿದ್ದ ಆ ಸೋಮಾರಿಯೂ ಕೊನೆಗೆ ಎದ್ದನಂತೆ, ಗ್ಯಾಸ್ಪಾರ್ ಬೆಕ್ಕಿನೊಂದಿಗೆ ಇಳಿದು ಹೋದ.

ನಾವು ಮನೆ ಮುಂದೆ ಬರುವ ಹೊತ್ತಿಗೆ ಸುರುಳಿ ಮೆಟ್ಟಿಲ ತುಂಬ ಜನ. ಕೆಳಗಿನಿಂದ ಮೂರನೇ ಮಹಡಿಯವರೆಗೆ ಸಾಲಾಗಿ ನಿಂತು, ಕೈಯಿಂದ ಕೈಗೆ ನಮ್ಮ ಸಂಸಾರವನ್ನು ದಾಟಿಸುತ್ತಿದ್ದರು. ಬೆಳಿಗ್ಗೆ ಭಾವ ಯಾವುದನ್ನು ಕಂಡೆನೆಂದು ನಂಬಿದ್ದನೋ ಅದೇ ಈಗ ಕಣ್ಣೆದುರು ನಡೆಯುತ್ತಿತ್ತು. ಕೊನೆಗೆ ಮೇಜು ಹೊರಟಿತು. ನಾಲ್ಕು ಮೂಲೆಗೆ ನಾಲ್ಕು ಬೆಟ್ಟಗಳು, ಅಡಿಯಲ್ಲಿ ಬೆನ್ನು ಕೊಟ್ಟು ನಮ್ಮ ಭಾವ. ಮೇಲೆ ಬಿಳಿ ಬಟ್ಟೆ ಹಾಗೇ ಇತ್ತು, ಅದರ ಮೇಲೆ ಕಡುಬೂ ಹಾಗೇ ಇತ್ತು. "ಇಳಿಸಬೇಡ್ರೋ, ಅವರ ರಾತ್ರಿ ಊಟಕ್ಕಾಯ್ತು!" ಎಂದು ಮದಾಮ್ ಹಿಂದಿನಿಂದ ಕೂಗುತ್ತಿದ್ದರು. "ಹುಷಾರು! ಎಡಕ್ಕೆ! ಅಲ್ಲ, ನನ್ನ ಎಡಕ್ಕೆ!" ಎಂದು ಭಾವನ ದನಿ ಮೇಜಿನ ಕೆಳಗಿನಿಂದ ಬರುತ್ತಿತ್ತು.

ಅಕ್ಕ ಕೆಳಗೇ ನಿಂತಿದ್ದಳು. ಸೂರ್ಯ ಚರ್ಚಿನ ಗೋಪುರಕ್ಕೆ ತಾಗಿದ್ದ. ಬೀದಿಯಲ್ಲಿ ಉಳಿದಿದ್ದದ್ದು ಅವಳ ಕಾಲ ಹತ್ತಿರದ ಕೆಂಪು ಸೂಟ್‌ಕೇಸ್ ಒಂದೇ. ಎದುರು ಮನೆಯ ಹೆಂಗಸರು ಮೂವರು ಆಗಲೇ ಅವಳನ್ನು ಹೆಸರು ಹಿಡಿದು ಕರೆದು, ಕೂದಲು ಕತ್ತರಿಸಲು ಬರುತ್ತದಂತೆ ಹೌದಾ ಎಂದು ವಿಚಾರಿಸಿದ್ದರು. ಇದನ್ನೆಲ್ಲ ಬ್ರಿನ್ ಯಾವಾಗ ಹೇಳಿಬಿಟ್ಟಿದ್ದಳೋ ಗೊತ್ತಿಲ್ಲ.

ಒಂದು ಕೈಯಲ್ಲಿ ಫ್ಯಾನು ಹಿಡಿದ ಪೊಲೀಸ್ ಸೂಟ್‌ಕೇಸಿನ ಮುಂದೆ ಬಂದು ನಿಂತ. ಬೆಳಗಿನಿಂದ ಆದದ್ದೆಲ್ಲ ನೋಡಿ ಅವನಿಗೂ ಧೈರ್ಯ ಉಡುಗಿತ್ತು.

"ಮೇಡಂ, ಇದು... ತಗೊಂಡು ಹೋಗ್ಲಾ?"

ಮೇಲೆ ಎರಡನೇ ಮಹಡಿಯ ತಿರುವಿನಲ್ಲಿ ಮೇಜು ನಿಂತಿತು. ಅದರ ಅಡಿಯಿಂದ ಭಾವ ತಲೆ ಹೊರಗೆ ಹಾಕಿ ಕೆಳಗೆ ನೋಡಿದ. ಮೆಟ್ಟಿಲ ಮೇಲಿನ ಅಷ್ಟೂ ಜನ ಅವನೊಂದಿಗೆ ನೋಡಿದರು.

"ತಗೊಂಡು ಹೋಗಿ," ಎಂದಳು ಅಕ್ಕ.

ಭಾವನ ಕಣ್ಣು ತೇಲಿತು. ಮೇಜು ಒಂದು ಕಡೆ ವಾಲಿತು, ಕಡುಬು ಜಾರಿತು, ಮದಾಮ್ ಚೀರಿದರು.

"ಮೂರನೇ ಮಹಡಿಗೆ," ಎಂದಳು ಅಕ್ಕ. ಆಮೇಲೆ ಮೇಲೆ ನೋಡಿ ಗದರಿದಳು: "ವೆಂಡೆಲ್, ಏನು ಬಾಯಿ ಬಿಟ್ಕೊಂಡು ನಿಂತಿದೀಯ? ಒತ್ತು!"

ಭಾವನ ಎರಡು ಕೈಗಳೂ ಮೇಜನ್ನು ಹಿಡಿದಿದ್ದವು. ನಾನು ಎರಡೆರಡು ಮೆಟ್ಟಿಲು ಹಾರಿ ಹೋಗಿ, ಅವನ ಕಿಸೆಗೆ ಕೈ ಹಾಕಿ, ಫೋನು ತೆಗೆದು, ಗುಂಡಿ ಒತ್ತಿದೆ.

ಟಿಣ್!